ದುಡಿಯುವವರಿಗೆ ಮತವಿಲ್ಲ

ಪುಣೆ ಬಳಿಯ ಹಿಂಜವಾಡಿಯ ರಾಜೀವ್ ಗಾಂಧಿ ಇನ್ಫೋಟೆಕ್ ಪಾರ್ಕಿನ ಆಸುಪಾಸಿನಲ್ಲಿ ಎರಡು ಬಗೆಯ ಸ್ವಯಂಸೇವೆ ನಡೆಯುತ್ತದೆ. ಒಂದು ಕಂಪನಿಗಳದು: ಶನಿವಾರದ ಬಸ್ಸು, ಒಂದೇ ಬಣ್ಣದ ಟೀ-ಶರ್ಟು, ಗುಡ್ಡದ ಮೇಲೆ ಸಸಿ, ಗುಂಪು ಫೋಟೊ. ಇನ್ನೊಂದು, ಊರು ಬಿಟ್ಟು ಬಂದವರು ಕಟ್ಟಿಕೊಂಡ ಸಂಘಗಳದು: ಯುಗಾದಿ, ರಾಜ್ಯೋತ್ಸವ, ಮಕ್ಕಳಿಗೆ ಭಾನುವಾರದ ಕನ್ನಡ ಪಾಠ. ಮೊದಲನೆಯದನ್ನು ಗೇಲಿ ಮಾಡುವುದು ಸುಲಭ. ನನ್ನ ತಕರಾರು ಹೆಚ್ಚಾಗಿ ಎರಡನೆಯದರ ಮೇಲೆ.

ಕಂಪನಿ ಸೇವೆಗೆ ಲೆಕ್ಕಪತ್ರವಾದರೂ ಇದೆ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕು. ನೌಕರರು ಪುಕ್ಕಟೆ ದುಡಿದ ಗಂಟೆಗಳಿಗೆ ಬೆಲೆ ಕಟ್ಟಿ ಆ ಖರ್ಚಿಗೆ ಸೇರಿಸುವಂತಿಲ್ಲ ಎಂದು ಕೇಂದ್ರ ಸರ್ಕಾರ ಹೇಳಿದೆ. ಮ್ಯಾನೇಜರೇ ಕರೆದಾಗ 'ಬರೋಲ್ಲ' ಅನ್ನಲು ಎಷ್ಟು ಜನಕ್ಕೆ ಧೈರ್ಯವಿದೆ ಎಂಬುದು ಬೇರೆ ಮಾತು.

ಸಂಘಗಳಲ್ಲಿ ಎಲ್ಲಕ್ಕೂ ಒಂದೇ ಉತ್ತರ: 'ನಮ್ಮವರೇ ಅಲ್ವಾ?' ರಾಜ್ಯೋತ್ಸವದ ಪರದೆ ಇಳಿದ ಮೇಲೆ ನೋಡಬೇಕು. ಅತಿಥಿಗಳು ಶಾಲು, ಹಣ್ಣಿನ ಬುಟ್ಟಿ ಹಿಡಿದು ಕಾರು ಹತ್ತಿರುತ್ತಾರೆ. ನಾಲ್ಕು ಹುಡುಗರು ಪ್ಲಾಸ್ಟಿಕ್ ಕುರ್ಚಿ ಒಂದರ ಮೇಲೊಂದು ಪೇರಿಸುತ್ತಿರುತ್ತಾರೆ, ಟೆಂಪೊದವನು ಬಾಡಿಗೆ ಹೆಚ್ಚಾಯಿತೆಂದು ಕೂಗಾಡುತ್ತಿರುತ್ತಾನೆ. ಬೆಳಿಗ್ಗೆಯಿಂದ ನೋಂದಣಿ ಟೇಬಲ್ಲಿನಲ್ಲಿ ಕೂತ ಹುಡುಗಿ ರಾತ್ರಿ ಹನ್ನೊಂದಕ್ಕೆ ಕೈಯಿಂದ ದುಡ್ಡು ಹಾಕಿ ವಾಕಡ್‌ಗೆ ಆಟೊ ಹಿಡಿಯುತ್ತಾಳೆ. ವಂದನಾರ್ಪಣೆಯಲ್ಲಿ ಇವರ ಪಾಲಿಗೆ ಬಂದದ್ದು 'ಹಾಗೂ ಎಲ್ಲ ಕಾರ್ಯಕರ್ತರಿಗೆ' ಎಂಬ ಒಂದು ಉಸಿರು. ಕುರ್ಚಿ ಹೊರುವಾಗ ಬಿದ್ದು ಕೈ ಮುರಿದರೆ ಆಸ್ಪತ್ರೆ ಬಿಲ್ಲು ಯಾರದು ಎಂದು ಮೊದಲೇ ಬರೆದಿಟ್ಟ ಸಂಘವನ್ನು ನಾನು ಕಂಡಿಲ್ಲ.

1860ರ ಸಂಘಗಳ ನೋಂದಣಿ ಕಾಯ್ದೆ ನೋಡುವುದೂ ಚಂದಾವನ್ನೇ ಹೊರತು ದುಡಿಮೆಯನ್ನಲ್ಲ. ಚಂದಾ ಮೂರು ತಿಂಗಳಿಗೂ ಹೆಚ್ಚು ಬಾಕಿ ಉಳಿದರೆ ಮತ ಹಾಕುವಂತಿಲ್ಲ. ವರ್ಷಕ್ಕೊಮ್ಮೆ ದುಡ್ಡು ಕಟ್ಟಿ ಮುಖ ತೋರಿಸದವನು ಅಧ್ಯಕ್ಷರನ್ನು ಆರಿಸುತ್ತಾನೆ. ವರ್ಷವಿಡೀ ಓಡಾಡಿ ಚಂದಾ ಮರೆತವನು ಹೊರಗೆ ನಿಲ್ಲುತ್ತಾನೆ.

ಹಾಗೆ ನೋಡಿದರೆ ಸೇವೆಯ ಹೆಸರಲ್ಲಿ ದುಡಿಸಿಕೊಳ್ಳುವುದರಲ್ಲಿ ಸರ್ಕಾರವೇ ಗುರು. ಅಂಗನವಾಡಿ ಕಾರ್ಯಕರ್ತೆಯರದು ಗೌರವಧನದ ಕೆಲಸ, ಸರ್ಕಾರಿ ಹುದ್ದೆಯಲ್ಲ ಎಂಬ ವಾದವನ್ನು ಸುಪ್ರೀಂ ಕೋರ್ಟು 2006ರಲ್ಲಿ ಒಪ್ಪಿದ್ದು ಕರ್ನಾಟಕ ಸರ್ಕಾರದ ಪ್ರಕರಣದಲ್ಲೇ. ಅವರಿಗೂ ಗ್ರಾಚ್ಯುಟಿ ಸಲ್ಲಬೇಕೆಂದು ಅದೇ ಕೋರ್ಟು ಹೇಳಲು 2022 ಬರಬೇಕಾಯಿತು. ಸಂಘದ ಹುಡುಗರಿಗೆ ಗ್ರಾಚ್ಯುಟಿ ಬೇಡ. ಆಟೊ ಖರ್ಚು, ಅಪಘಾತ ವಿಮೆ, ಸಭೆಯಲ್ಲಿ ಬಾಯಿ ಬಿಡುವ ಅವಕಾಶ, ಈ ಸಲ ಆಗಲ್ಲ ಅಂದರೆ ಮುನಿಸಿಕೊಳ್ಳದ ಪದಾಧಿಕಾರಿ ಇಷ್ಟಿದ್ದರೆ ಸಾಕು.

ಬಿಟ್ಟಿ ದುಡಿಯುವವರನ್ನೂ ನೆನಪಿಟ್ಟುಕೊಂಡ ಕಾಯ್ದೆ ಒಂದಿದೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ, ಸಂಬಳವಿಲ್ಲದೆ ಸ್ವಇಚ್ಛೆಯಿಂದ ದುಡಿಯುವವರನ್ನೂ ಉದ್ಯೋಗಿ ಎಂದೇ ಎಣಿಸುತ್ತದೆ. ಸಂಘ, ಟ್ರಸ್ಟುಗಳೂ ಅದರ ವ್ಯಾಪ್ತಿಗೆ ಬರುತ್ತವೆ. ಹತ್ತು ಅಥವಾ ಹೆಚ್ಚು ಜನ ದುಡಿಯುವಲ್ಲಿ ಆಂತರಿಕ ಸಮಿತಿ ಇರಲೇಬೇಕು, ಕಡಿಮೆಯಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ನಮ್ಮ ಆಮಂತ್ರಣ ಪತ್ರಿಕೆಗಳಲ್ಲಿ ಸ್ವಾಗತ ಸಮಿತಿ, ಆಹಾರ ಸಮಿತಿ, ವೇದಿಕೆ ಅಲಂಕಾರ ಸಮಿತಿ ಎಲ್ಲವೂ ಇರುತ್ತವೆ. ಇದೊಂದು ಸಮಿತಿಯ ಹೆಸರು ಇನ್ನೂ ಅಚ್ಚಾಗಿದ್ದನ್ನು ನೋಡಿಲ್ಲ.