ಅಪರೂಪದ ಅಳತೆಗೆ ಮಾಮೂಲಿಯ ಆಸರೆ

ಲ್ಯಾಂಬ್ಡಾ-ಬಿ ಎಂಬ ಭಾರಿ ಬೇರಿಯಾನ್ ಒಡೆದು ಒಂದು ಲ್ಯಾಂಬ್ಡಾ ಕಣವೂ ಎರಡು ಮ್ಯೂಆನ್‌ಗಳೂ ಹೊರಬರುವುದು ಹತ್ತು ಲಕ್ಷಕ್ಕೆ ಸರಿಸುಮಾರು ಒಂದು ಸಲ. 2011ರಲ್ಲಿ ಫರ್ಮಿಲ್ಯಾಬಿನ ಸಿಡಿಎಫ್ ತಂಡ ಇದನ್ನು ಮೊದಲು ಕಂಡಾಗ ಕೈಗೆ ಸಿಕ್ಕ ಘಟನೆಗಳು 24ರಷ್ಟು. 2015ರಲ್ಲಿ ಜಿನೀವಾ ಬಳಿಯ ಎಲ್‌ಎಚ್‌ಸಿಬಿ ತಂಡ ನೂರಾರು ಘಟನೆಗಳನ್ನು ಮುಂದಿಟ್ಟಿತು. ಚಪ್ಪಾಳೆಯೆಲ್ಲ ಈ ಅಪರೂಪಕ್ಕೇ ಸಲ್ಲುತ್ತದೆ. ಆದರೆ ಅಳತೆಯ ಬೆಲೆ ನಿಂತಿರುವುದು ಪಕ್ಕದಲ್ಲೇ ನಡೆಯುವ ಮಾಮೂಲಿ ವಿಘಟನೆಗಳ ಮೇಲೆ. ಅವನ್ನು ಬೇಸರವಿಲ್ಲದೆ ಮತ್ತೆ ಮತ್ತೆ ಅಳೆಯುವವರಿಗೆ ನಾವು ಕೊಡುವ ಗೌರವ ತೀರಾ ಕಡಿಮೆ. ಅದೇ ಲ್ಯಾಂಬ್ಡಾ-ಬಿ, ಲ್ಯಾಂಬ್ಡಾ ಮತ್ತು ಜೆ/ಸೈ ಎಂಬ ಕಣಗಳಾಗಿಯೂ ಒಡೆಯುತ್ತದೆ; ಮಾಮೂಲಿ ದಾರಿ ಇದೇ. ಜೆ/ಸೈ ಮತ್ತೆ ಎರಡು ಮ್ಯೂಆನ್ ಆಗಬಲ್ಲದು. ಎರಡೂ ದಾರಿಯ ಕೊನೆಯಲ್ಲಿ ಉಳಿಯುವ ಕಣಗಳು ಒಂದೇ ಆದ್ದರಿಂದ, ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಶೋಧಕದ ಕುಂದುಗಳು ಬಹುಪಾಲು ವಜಾ ಆಗುತ್ತವೆ. ಆ ಅನುಪಾತದಿಂದ ನಿಜವಾದ ದರ ತೆಗೆಯಹೊರಟಾಗಲೇ ತೊಡಕು. ಡಿಕ್ಕಿಯಲ್ಲಿ ಎಷ್ಟು ಲ್ಯಾಂಬ್ಡಾ-ಬಿ ಹುಟ್ಟುತ್ತವೆ ಎಂಬ ಲೆಕ್ಕ ಗಟ್ಟಿಯಾಗಿಲ್ಲದೆ, 2015ರಲ್ಲಿ ಮಾಮೂಲಿ ದಾರಿಯ ದರದಲ್ಲೇ ಶೇ 20ರಷ್ಟು ಅನಿಶ್ಚಿತತೆ ಇತ್ತು.

ಇದೇ ಬಗೆಯಲ್ಲಿ ಒಡೆಯುವ ಮೀಸಾನ್ ಎಂಬ ಕಣಗಳು ಹೇರಳವಾಗಿರುವಾಗ ಬೇರಿಯಾನಿಗಾಗಿ ಈ ಪಾಡೇಕೆ ಎಂದು ಕೇಳಬಹುದು. ಈ ಬೇರಿಯಾನಿಗೆ ಅರ್ಧ ಗಿರಕಿ (ಸ್ಪಿನ್) ಇದೆ, ಅದೇ ಇದರ ಸೊಗಸು. ಲ್ಯಾಂಬ್ಡಾ ಹಲವು ಸಲ ಮೀಟರುಗಟ್ಟಲೆ ಸಾಗಿ, ಪ್ರೋಟಾನ್ ಮತ್ತು ಪಯಾನ್ ಆಗಿ ಕವಲೊಡೆಯುತ್ತದೆ. ದುರ್ಬಲ ಬಲದಿಂದ ನಡೆಯುವ ಈ ಒಡಕಿನಲ್ಲಿ ಪ್ರೋಟಾನ್ ತಾಯಿಯ ಗಿರಕಿಯ ದಿಕ್ಕಿಗೆ ವಾಲಿ ಹೊರಡುವುದರಿಂದ, ಆ ಕೋನವನ್ನು ಓದಿ ಗಿರಕಿಯನ್ನು ತಿಳಿಯಬಹುದು. ಹಾಗಾದರೆ ದರ ಬಿಟ್ಟು ಕೋನವನ್ನೇ ನಂಬಿದರಾಯಿತಲ್ಲ? ಬಹಳಮಟ್ಟಿಗೆ ಹೌದು, ಎಷ್ಟು ಹುಟ್ಟಿದವು ಎಂಬ ಗೊಡವೆ ಅಲ್ಲಿಲ್ಲ. ಆದರೆ ಪ್ರೋಟಾನ್ ಎಷ್ಟು ವಾಲುತ್ತದೆ ಎಂಬುದನ್ನು ಹೊರಗಿನಿಂದಲೇ ತರಬೇಕು. ಆಲ್ಫಾ ಎನ್ನುವ ಆ ಸಂಖ್ಯೆ ದಶಕಗಳ ಕಾಲ ಕೋಷ್ಟಕಗಳಲ್ಲಿ 0.642 ಎಂದೇ ಇತ್ತು. 2019ರಲ್ಲಿ ಬೀಜಿಂಗಿನ ಬೆಸ್-3 ತಂಡ 131 ಕೋಟಿ ಜೆ/ಸೈ ಕಣಗಳನ್ನು ಜಾಲಾಡಿ 0.750 ಎಂದಿತು. ಶೇ 17ರಷ್ಟು ಹೆಚ್ಚಳ! ಪ್ರೋಟಾನ್ ಮುಂದೆ-ಹಿಂದೆ ಹೋಗುವುದರ ವ್ಯತ್ಯಾಸ ಆಲ್ಫಾಕ್ಕೆ ನೇರ ಅನುಪಾತದಲ್ಲಿರುವುದರಿಂದ, ಹಳೆಯ ಬೆಲೆ ಹಿಡಿದು ಹಾಕಿದ ಸಿದ್ಧಾಂತದ ಲೆಕ್ಕವೂ ಅಷ್ಟೇ ಏರಬೇಕಾಯಿತು.

ಘಟನೆಗಳೇ ಕೆಲವು ನೂರು ಇರುವಾಗ ಎಣಿಕೆಯ ದೋಷವೇ ದೊಡ್ಡದು, ಇದೆಲ್ಲ ನುಂಗಿಹೋಗುತ್ತದೆ ಎಂಬ ಆಕ್ಷೇಪ ಸಣ್ಣದಲ್ಲ. ಆದರೆ ಮಾಹಿತಿ ನಾಲ್ಕು ಪಟ್ಟಾದರೆ ಎಣಿಕೆಯ ದೋಷ ಅರ್ಧಕ್ಕೆ ಇಳಿಯುತ್ತದೆ, ಎರವಲು ತಂದ ಸಂಖ್ಯೆಯ ದೋಷ ಇದ್ದಲ್ಲೇ ಇರುತ್ತದೆ. ಎಲ್‌ಎಚ್‌ಸಿಬಿಯ ಹೊಸ ಶೋಧಕ ರಾಶಿ ರಾಶಿ ಡಿಕ್ಕಿಗಳನ್ನು ದಾಖಲಿಸುತ್ತಿರುವ ಈ ಹೊತ್ತಿನಲ್ಲಿ ಮೊದಲು ಬಿಗಿಯಾಗಬೇಕಾದದ್ದು ಆ ಜೆ/ಸೈ ದಾರಿಯ ದರ.