ವರ್ಷ ಬರೆದ ಸೀಸೆ

ಕ್ರಿಸ್ಮಸ್ ಕೇಕಿಗೆಂದು ಅಕ್ಟೋಬರ್ ತಿಂಗಳಲ್ಲೇ ಒಣದ್ರಾಕ್ಷಿ, ಖರ್ಜೂರ, ಕಿತ್ತಳೆಯ ಸಿಪ್ಪೆಗಳನ್ನು ರಮ್ಮಿನಲ್ಲಿ ನೆನೆಹಾಕಿ, ಭರಣಿಯ ಬಾಯಿಗೆ ಬಟ್ಟೆ ಕಟ್ಟಿಡುವ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲಿ ಇಂದಿಗೂ ಇವೆ. ಆ ಭರಣಿಯನ್ನು ನಡುವೆ ತೆರೆದು ಮೂಸಿ ಅಜ್ಜಿಯಿಂದ ಬೈಸಿಕೊಂಡವರಿಗೆ, ಕಾಯುವುದೂ ಪಾಕದ ಒಂದು ಪದಾರ್ಥವೆಂದು ಬೇರೆ ಹೇಳಬೇಕಾಗಿಲ್ಲ. ಯೂರೋಪ್ ಮತ್ತು ಅಮೆರಿಕದ ಚಳಿನಾಡುಗಳಲ್ಲಿ ಇದೇ ಮಾತನ್ನು ಬಿಯರಿನ ಬಗ್ಗೆ ಹೇಳುತ್ತಾರೆ. ಕ್ರಿಸ್ಮಸ್ಸಿಗೆಂದೇ ತಯಾರಾಗುವ ಬಿಯರುಗಳು ಅಲ್ಲಿವೆ. ಕೆಲವನ್ನು ಹಬ್ಬದ ದಿನವೇ ಕುಡಿದು ಮುಗಿಸುತ್ತಾರೆ, ಕೆಲವನ್ನು ನೆಲಮಾಳಿಗೆಯಲ್ಲಿ ವರ್ಷಗಟ್ಟಲೆ ಇರಿಸುತ್ತಾರೆ, ಬಹಳಷ್ಟನ್ನು ಉಡುಗೊರೆಯಾಗಿ ಕೊಡುತ್ತಾರೆ. ಈ ಪುಟಗಳಿಗೆ ವಿಷಯ ಹೊಸದೆನಿಸಬಹುದು. ನಮ್ಮ ಮನೆಯ ಕಪಾಟಿನಲ್ಲಿ ಐದು ವರ್ಷ ಕುಳಿತಿದ್ದ ಒಂದು ಸೀಸೆಯೇ ಇದಕ್ಕೆ ಕಾರಣ.

2018ರ ಡಿಸೆಂಬರಿನಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನೆಲೆಸಿರುವ ಬಂಧುವೊಬ್ಬರು ಬೆಂಗಳೂರಿಗೆ ಬರುವಾಗ ಎರಡು ಸೀಸೆ ಬಿಯರನ್ನು ಉಣ್ಣೆಯ ಅಂಗಿಗಳಲ್ಲಿ ಸುತ್ತಿ ತಂದಿದ್ದರು. ಎರಡರ ಮೇಲೂ ಕೈಯಲ್ಲಿ ಬರೆದ ಮರದ ಚಿತ್ರ, ಅದರೊಂದಿಗೆ ವರ್ಷದ ಅಂಕಿ. ಒಂದನ್ನು ಆ ರಾತ್ರಿಯೇ ನಾಲ್ಕು ಮಂದಿ ಹಂಚಿಕೊಂಡೆವು. ಇನ್ನೊಂದನ್ನು, ಮುಂದಿನ ಸಲ ಬಂದಾಗ ತೆರೆಯೋಣ, ಹಳತಾದಷ್ಟೂ ರುಚಿ ಏರುತ್ತದಂತೆ ಎಂದು ಅವರು ಕಪಾಟಿನಲ್ಲಿ ಇಡಿಸಿದರು.

ಅದು ಆಂಕರ್ ಬ್ರೂವರಿಯ ಕ್ರಿಸ್ಮಸ್ ಏಲ್. ಮುಚ್ಚುವ ಸ್ಥಿತಿಯಲ್ಲಿದ್ದ ಈ ಹಳೆಯ ಬ್ರೂವರಿಯನ್ನು, ಬಟ್ಟೆ ಒಗೆಯುವ ಯಂತ್ರಗಳಿಗೆ ಹೆಸರಾದ ಮನೆತನದ ಫ್ರಿಟ್ಜ್ ಮೇಟ್ಯಾಗ್ ಎಂಬ ಯುವಕ 1965ರಲ್ಲಿ ಕೈಗೆತ್ತಿಕೊಂಡರು. ಇಂದು ಕ್ರಾಫ್ಟ್ ಬಿಯರ್ ಎಂದು ಕರೆಯಲಾಗುವ ಸಣ್ಣ ಪ್ರಮಾಣದ, ಕೈಕಸುಬಿನ ಬಿಯರಿನ ಚಳವಳಿ ಅಮೆರಿಕದಲ್ಲಿ ಬೇರೂರಿದ್ದು ಬಹುಮಟ್ಟಿಗೆ ಅಲ್ಲಿಂದಲೇ. 1975ರಲ್ಲಿ ಅವರು ಮೊದಲ ಕ್ರಿಸ್ಮಸ್ ಏಲನ್ನು ಹೊರತಂದರು. ಅಂದಿನಿಂದ ಪ್ರತಿವರ್ಷ ಪಾಕ ಬೇರೆ, ಸೀಸೆಯ ಮೇಲಿನ ಮರವೂ ಬೇರೆ. ಜಿಮ್ ಸ್ಟಿಟ್ ಎಂಬ ಕಲಾವಿದರು ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಆ ಮರಗಳನ್ನು ಬರೆದರು. 1987ರಲ್ಲಿ ಮೇಟ್ಯಾಗ್ ಅವರು ತಮ್ಮ ಮದುವೆಗೆಂದು ಮಸಾಲೆ ಬೆರೆಸಿದ ಬಿಯರೊಂದನ್ನು ತಯಾರಿಸಿದರು. ಮಸಾಲೆ ಅಂದಿನಿಂದ ಕ್ರಿಸ್ಮಸ್ ಏಲಿಗೆ ಕಾಯಮ್ಮಾಯಿತು. ಯಾವ ಮಸಾಲೆ, ಎಷ್ಟು ಎಂಬುದನ್ನು ಬ್ರೂವರಿ ಎಂದೂ ಬಿಟ್ಟುಕೊಡಲಿಲ್ಲ.

ವಿಮರ್ಶೆಯ ಕಣ್ಣಿನಿಂದ ನೋಡಿದರೆ ಈ ಬಿಯರಿನ ಹೆಚ್ಚುಗಾರಿಕೆ ಇಲ್ಲೇ ಇದೆ. ಕಳೆದ ವರ್ಷ ಎಲ್ಲರೂ ಮೆಚ್ಚಿದ ಪಾಕವನ್ನು ಈ ವರ್ಷ ಕೈಬಿಡುವ ಧೈರ್ಯ ಎಷ್ಟು ವ್ಯಾಪಾರಿಗಳಿಗಿದೆ? ನಾವು ಅಂದು ಕುಡಿದದ್ದರಲ್ಲಿ ಸುಟ್ಟ ಬೆಲ್ಲದ ಕಪ್ಪು, ಜಾಯಿಕಾಯಿಯನ್ನು ನೆನಪಿಸುವ ಘಮ, ಕೊನೆಯಲ್ಲಿ ದೇವದಾರಿನಂಥ ಸಣ್ಣ ಕಹಿ ಇದ್ದವು. ಅದು ಆ ವರ್ಷದ ಹಬ್ಬದ ರುಚಿ, ಇನ್ನೊಂದು ವರ್ಷ ಸಿಗದು ಎಂಬ ಅರಿವೂ ಲೋಟದಲ್ಲಿ ಬೆರೆತಿತ್ತು. ಹೀಗಿರುವಾಗ ಅದನ್ನು ಕಾದಿರಿಸುವುದರಲ್ಲಿ ಅರ್ಥವಿದೆಯೇ? ಅಮೆರಿಕದಲ್ಲಿ ಹತ್ತಾರು ವರ್ಷಗಳ ಸೀಸೆಗಳನ್ನು ಸಾಲಾಗಿಟ್ಟು ಒಂದೇ ಕೂಟದಲ್ಲಿ ರುಚಿ ನೋಡುವ ಹವ್ಯಾಸವಿದೆ. ಅದು ಸಂಗ್ರಹಕಾರನಿಗೆ ಸಂತೋಷ ಕೊಡಬಹುದು. ಬಿಯರಿಗೆ ನ್ಯಾಯ ಒದಗಿಸುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಕಾರಣವಿದೆ. ಬಹುಪಾಲು ಬಿಯರುಗಳು ಕಾಲಕ್ಕೆ ಸೋಲುತ್ತವೆ. ಮೊದಲು ಹೋಗುವುದು ಹಾಪ್ಸ್ ಹೂವಿನ ಪರಿಮಳ, ಅದರ ಹಿಂದೆಯೇ ಕಹಿ. ಮುಚ್ಚಳದೊಳಗೆ ಉಳಿದ ಅಲ್ಪ ಗಾಳಿ ನಿಧಾನವಾಗಿ ಕೆಲಸ ಮಾಡುತ್ತದೆ. ತೆಳುವಾದ ಬಿಯರಿನಲ್ಲಿ ಅದರ ಫಲ ಒದ್ದೆ ರಟ್ಟಿನ ವಾಸನೆ. ಗಟ್ಟಿಯಾದ, ಕಪ್ಪಗಿನ, ಮಾಲ್ಟ್ ತುಂಬಿದ ಬಿಯರಿನಲ್ಲಿ ಅದೇ ಗಾಳಿ ಒಣದ್ರಾಕ್ಷಿಯ, ಶೆರಿ ವೈನಿನ ಛಾಯೆಯನ್ನು ತರುತ್ತದೆ. ಆದ್ದರಿಂದ ಕಾದಿರಿಸಲು ತಕ್ಕದ್ದು ಮದ್ಯಸಾರ ಹೆಚ್ಚಾಗಿರುವ, ಹಾಪ್ಸ್ ಕಡಿಮೆಯಿರುವ ಬಿಯರು ಮಾತ್ರ. ಅದಕ್ಕೂ ಕತ್ತಲು ಬೇಕು, 10ರಿಂದ 13 ಡಿಗ್ರಿಯ ಏರಿಳಿತವಿಲ್ಲದ ತಂಪು ಬೇಕು, ಸೀಸೆಯನ್ನು ನೆಟ್ಟಗೆ ನಿಲ್ಲಿಸಬೇಕು. ಬೇಸಿಗೆಯಲ್ಲಿ 30 ಡಿಗ್ರಿ ದಾಟುವ ನಮ್ಮ ಕಪಾಟು ಇದಾವುದೂ ಅಲ್ಲ. ಆಂಕರಿನ ಕ್ರಿಸ್ಮಸ್ ಏಲಿನಲ್ಲಿ ಮದ್ಯಸಾರ ಸಾಮಾನ್ಯವಾಗಿ ಶೇಕಡ 5ರಿಂದ 7ರ ನಡುವೆ ಇರುತ್ತಿತ್ತು. ದೀರ್ಘ ಪಯಣಕ್ಕೆ ಅದು ಸಾಲದ ಬುತ್ತಿ.

ಕಾಯಲೆಂದೇ ಹುಟ್ಟಿದ್ದನ್ನು ನೋಡಬೇಕಾದರೆ ಸ್ವಿಟ್ಜರ್ಲೆಂಡಿಗೆ ಹೋಗಬೇಕು. ಅಲ್ಲಿನ ಜರ್ಮನ್ ಆಡುನುಡಿಯಲ್ಲಿ ಸಂತ ನಿಕೋಲಸರಿಗೆ ಸಾಮಿಕ್ಲಾಸ್ ಎನ್ನುತ್ತಾರೆ. ಜ್ಯೂರಿಕ್ ನಗರದ ಹ್ಯೂರ್ಲಿಮನ್ ಬ್ರೂವರಿ 1979ರಲ್ಲಿ ಆ ಹೆಸರಿನ ಬಿಯರನ್ನು, ಆ ಸಂತರ ಹಬ್ಬದ ದಿನವಾದ ಡಿಸೆಂಬರ್ 6ರಂದು, ವರ್ಷಕ್ಕೆ ಅದೊಂದೇ ದಿನ, ತಯಾರಿಸತೊಡಗಿತು. ಮದ್ಯಸಾರ ಶೇಕಡ 14. ಅಷ್ಟು ತೀಕ್ಷ್ಣವಾದಾಗ ಸಾಮಾನ್ಯ ಯೀಸ್ಟು ದಣಿದು ಮಲಗಿಬಿಡುತ್ತದೆ. ತಾಳಿಕೊಳ್ಳಬಲ್ಲ ಯೀಸ್ಟನ್ನು ಆರಿಸಿ, ತಣ್ಣನೆಯ ಪೀಪಾಯಿಗಳಲ್ಲಿ ಸುಮಾರು ಹತ್ತು ತಿಂಗಳು ಮಾಗಿಸಿ, ಮರುವರ್ಷದ ಕ್ರಿಸ್ಮಸ್ಸಿಗೆ ಸೀಸೆಗೆ ತುಂಬುತ್ತಿದ್ದರು. ಅಂದರೆ ಒಂದು ಹಬ್ಬದಲ್ಲಿ ಕುಡಿಯುವುದು ಹಿಂದಿನ ಹಬ್ಬದಲ್ಲಿ ಒಲೆಗೇರಿದ್ದನ್ನು. 1990ರ ದಶಕದಲ್ಲಿ ಆ ಬ್ರೂವರಿ ನಿಂತುಹೋಯಿತು (ಅದರ ಕಟ್ಟಡಗಳಲ್ಲಿ ಈಗ ಬಿಸಿನೀರಿನ ಸ್ನಾನಗೃಹವಿದೆ, ಜನ ಆನಂದವಾಗಿ ಮುಳುಗೇಳುತ್ತಾರೆ). 2000ದಿಂದ ಆಸ್ಟ್ರಿಯಾದ ಎಗ್ಗೆನ್‌ಬರ್ಗ್ ಬ್ರೂವರಿ ಅದೇ ಬಿಯರನ್ನು, ಅದೇ ಸಂತರ ದಿನದಂದು, ಮುಂದುವರಿಸಿದೆ. ಇದನ್ನು ಹತ್ತು ವರ್ಷ ಇಟ್ಟರೂ ನಷ್ಟವಿಲ್ಲ. ಹೊಸದರಲ್ಲಿ ನಾಲಿಗೆಗೆ ಅಂಟುವ ಅತಿಸಿಹಿ ಇದೆ. ಅದನ್ನು ಪಳಗಿಸುವುದು ಕಾಲವೇ. ಬೆಲ್ಜಿಯಮ್ಮಿನ ಟ್ರಾಪಿಸ್ಟ್ ಸನ್ಯಾಸಿಗಳ ಶಿಮೇ ಬಿಯರುಗಳಲ್ಲಿ ನೀಲಿ ಚೀಟಿಯದೂ ಕ್ರಿಸ್ಮಸ್ ಬಿಯರಾಗಿಯೇ ಹುಟ್ಟಿತು. ಅದರ ಚೀಟಿಯ ಮೇಲೂ ವರ್ಷವನ್ನು ಮುದ್ರಿಸುತ್ತಾರೆ.

ವರ್ಷ ಬರೆದ ಸೀಸೆಗೆ ಬೆಲೆ ಏರುತ್ತದೆ. ತೊಡಕು ಅಲ್ಲಿಂದ ಆರಂಭ. ಬೆಲ್ಜಿಯಮ್ಮಿನ ಇನ್ನೊಂದು ಮಠ, ವೆಸ್ಟ್‌ಫ್ಲೆಟರೆನ್ನಿನ ಸಂತ ಸಿಕ್ಸ್ಟಸ್ ಮಠ, ತನ್ನ ಬಿಯರನ್ನು ಮಠದ ಬಾಗಿಲಲ್ಲಿ ಮುಂಗಡ ಹೆಸರು ಕೊಟ್ಟವರಿಗೆ ಮಾತ್ರ, ಮರುಮಾರಾಟ ಮಾಡಬಾರದೆಂಬ ಷರತ್ತಿನ ಮೇಲೆ ಮಾರುತ್ತಿತ್ತು. ಜಗತ್ತಿನ ಅತ್ಯುತ್ತಮ ಬಿಯರೆಂದು ಹೆಸರಾದ ಮೇಲೂ ಸನ್ಯಾಸಿಗಳು ಉತ್ಪಾದನೆಯನ್ನು ಹಿಗ್ಗಿಸಲಿಲ್ಲ. 2018ರಲ್ಲಿ, ಮಠದಲ್ಲಿ ಎರಡು ಯೂರೋಗೂ ಕಡಿಮೆಗೆ ಸಿಗುವ ಸೀಸೆಯನ್ನು ನೆದರ್ಲೆಂಡಿನ ಅಂಗಡಿಗಳು ಹತ್ತು ಯೂರೋ ಸನಿಹದ ಬೆಲೆಗೆ ಮಾರಿದಾಗ ಮಠ ಬಹಿರಂಗವಾಗಿ ಆಕ್ಷೇಪಿಸಿತು. ಮರುವರ್ಷ ದಲ್ಲಾಳಿಗಳನ್ನು ತಡೆಯಲು ಸನ್ಯಾಸಿಗಳು ಅಂತರ್ಜಾಲದ ಮೂಲಕ ಹೆಸರು ನೋಂದಾಯಿಸುವ ವ್ಯವಸ್ಥೆ ತರಬೇಕಾಯಿತು. ಹಂಚಿಕೊಳ್ಳಲೆಂದು ಮಾಡಿದ್ದು ಹೂಡಿಕೆಯಾಗುವುದು ಹೀಗೆ. ಕಪಾಟಿನ ಮುಂದೆ ನಿಂತಾಗ ನನಗೂ ಆ ದಲ್ಲಾಳಿಯ ಬುದ್ಧಿ ಒಂದಿಷ್ಟು ಇತ್ತೆಂದು ಒಪ್ಪಿಕೊಳ್ಳುತ್ತೇನೆ. ಅತಿಥಿಗಳು ಬಂದಾಗ ಸೀಸೆಯನ್ನು ತೋರಿಸುತ್ತಿದ್ದೆ, ತೆರೆಯುತ್ತಿರಲಿಲ್ಲ.

ಉಡುಗೊರೆಯ ವಿಚಾರದಲ್ಲಿ ಇನ್ನೊಂದು ಮಾತನ್ನು ಮುಚ್ಚಿಡುವಂತಿಲ್ಲ. ಸಾಮಿಕ್ಲಾಸಿನ 330 ಮಿಲಿಲೀಟರಿನ ಪುಟ್ಟ ಸೀಸೆಯಲ್ಲಿ ಸುಮಾರು 46 ಮಿಲಿಲೀಟರ್ ಶುದ್ಧ ಮದ್ಯಸಾರವಿದೆ; ನಮ್ಮ ಅಂಗಡಿಗಳ 650 ಮಿಲಿಲೀಟರಿನ ಶೇಕಡ 5ರ ದೊಡ್ಡ ಸೀಸೆಯಲ್ಲಿರುವುದು 33ರಷ್ಟು. ನಾಲ್ಕು ಸಣ್ಣ ಲೋಟಗಳಿಗೆ ಹಂಚಿ ಊಟದ ಕೊನೆಗೆ ಗುಟುಕರಿಸಬೇಕಾದದ್ದು ಅದು. ಕುಡಿತದಿಂದ ನೊಂದ ಮನೆಗಳು ಯಾವ ಊರಿನಲ್ಲಿಲ್ಲ? ಕೊಡುವವನು ಸೀಸೆಗಿಂತ ಮೊದಲು ಆ ಮನೆಯನ್ನು ಬಲ್ಲವನಾಗಿರಬೇಕು. ಅಂಥ ಮನೆಗೆ ಎಷ್ಟೇ ಸುಂದರವಾದ ಸೀಸೆಯೂ ಕ್ರೂರ ಕಾಣಿಕೆ. ಅಲ್ಲಿಗೆ ಕೇಕನ್ನು, ಅದೂ ರಮ್ಮಿಲ್ಲದ ಕೇಕನ್ನು, ಒಯ್ಯಿರಿ.

ನಮ್ಮ ಎರಡನೆಯ ಸೀಸೆಯ ಕಥೆ ಹೇಳಿ ನಿಲ್ಲಿಸುತ್ತೇನೆ. 2019ರಲ್ಲಿ ಬಂಧುವಿಗೆ ರಜೆ ಸಿಗಲಿಲ್ಲ. ಮುಂದಿನೆರಡು ವರ್ಷ ಸೋಂಕಿನ ಕಾಲ. ಆಮೇಲೆ ಏನೋ ಒಂದು ಅಡ್ಡಿ. 2017ರಲ್ಲಿ ಜಪಾನಿನ ಸಪ್ಪೊರೊ ಕಂಪನಿಯ ಕೈಸೇರಿದ್ದ ಆಂಕರ್, 2023ರ ಜೂನಿನಲ್ಲಿ ಕ್ರಿಸ್ಮಸ್ ಏಲನ್ನು ನಿಲ್ಲಿಸುವುದಾಗಿ, ಮರುತಿಂಗಳು ಬ್ರೂವರಿಯನ್ನೇ ಮುಚ್ಚುವುದಾಗಿ ಪ್ರಕಟಿಸಿತು. 2024ರಲ್ಲಿ ಹಮ್ದಿ ಉಲುಕಾಯಾ ಎಂಬ ಉದ್ಯಮಿ ಅದನ್ನು ಕೊಂಡರು. ಅಷ್ಟರಲ್ಲಿ ನಾವು 2023ರ ಕ್ರಿಸ್ಮಸ್ ರಾತ್ರಿ ಆ ಸೀಸೆಯನ್ನು, ಬಂಧುವಿನ ಒಪ್ಪಿಗೆ ಪಡೆದು, ತೆರೆದಿದ್ದೆವು. ನೊರೆ ಏಳಲಿಲ್ಲ. ಮಸಾಲೆಯ ಘಮ ಹೋಗಿತ್ತು, ದೇವದಾರಿನ ಕಹಿಯೂ ಇರಲಿಲ್ಲ. ಒಣದ್ರಾಕ್ಷಿಯ ಒಂದು ಮಾಸಿದ ಸಿಹಿ, ಅದರ ಅಡಿಯಲ್ಲಿ ರಟ್ಟಿನ ವಾಸನೆ. ಆದರೂ ಎಲ್ಲರೂ ಲೋಟ ಖಾಲಿ ಮಾಡಿದರು.

ಹೇಗಿತ್ತು ಎಂದು ಫೋನಿನಲ್ಲಿ ಬಂಧು ಕೇಳಿದರು. ಮೊದಲನೆಯದೇ ಚೆನ್ನಾಗಿತ್ತು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ಎರಡನ್ನೂ ಅಂದೇ ತೆರೆಯಬೇಕಿತ್ತು, ಅಂದು ನಿಮ್ಮ ತಂದೆಯವರೂ ಇದ್ದರಲ್ಲ ಎಂದರು.