ಲೋಕಾರ್ಪಣೆಯೂ ಗಳಗನಾಥರ ಪುಸ್ತಕದ ಹೊರೆಯೂ

ಹೊಸ ಗ್ರಂಥವೊಂದು ಅಚ್ಚಾಗಿ ಹೊರಬಂದಾಗ ನಡೆಯುವ ಸಮಾರಂಭಕ್ಕೆ ಕನ್ನಡದಲ್ಲಿ ಎರಡು ಹೆಸರುಗಳಿವೆ. ಒಂದು ‘ಬಿಡುಗಡೆ’, ಇನ್ನೊಂದು ‘ಲೋಕಾರ್ಪಣೆ’. ಆಹ್ವಾನಪತ್ರಿಕೆಗಳಲ್ಲಿ ಇವೆರಡನ್ನೂ ಪರ್ಯಾಯಪದಗಳಂತೆ ಬಳಸುವುದು ರೂಢಿಯಾಗಿದ್ದರೂ ಇವುಗಳ ಅರ್ಥಚ್ಛಾಯೆ ಒಂದೇ ಅಲ್ಲ. ಬಿಡುಗಡೆಯೆಂದರೆ ಹಿಡಿದುದನ್ನು ಬಿಡುವುದು. ಅರ್ಪಣೆಯೆಂದರೆ ತನ್ನದೆಂದುಕೊಂಡುದನ್ನು ತನ್ನದಲ್ಲವೆಂದರಿತು ಒಪ್ಪಿಸುವುದು. ಅರ್ಪಿತ, ಅನರ್ಪಿತ, ಪ್ರಸಾದ ಎಂಬ ಶಬ್ದಗಳಿಗೆ ವೀರಶೈವ ಪರಿಭಾಷೆಯಲ್ಲಿರುವ ತೂಕವನ್ನು ಬಲ್ಲವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಅರ್ಪಿಸಿದ ಪದಾರ್ಥವು ಅರ್ಪಿಸಿದವನಿಗೆ ಮರಳಿ ದೊರೆಯುವುದು ಪ್ರಸಾದರೂಪದಲ್ಲಿ ಮಾತ್ರ. ಅದು ಇಷ್ಟೇ ಬರಬೇಕು, ಹೀಗೆಯೇ ಬರಬೇಕು ಎಂದು ಕೇಳುವ ಅಧಿಕಾರ ಅವನಿಗಿರುವುದಿಲ್ಲ. ಕಾದಂಬರಿಕಾರನು ತನ್ನ ಹೊಸ ಕೃತಿಯ ಹುಟ್ಟನ್ನು ಸಂಭ್ರಮಿಸುವುದೂ ಅದರ ಪ್ರಚಾರಕ್ಕೆ ತಾನೇ ಸೊಂಟಕಟ್ಟಿ ನಿಲ್ಲುವುದೂ ಉಚಿತವೋ ಅನುಚಿತವೋ ಎಂಬ ಪ್ರಶ್ನೆಯನ್ನು ಈ ಅರ್ಪಣಭಾವದ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಯುಕ್ತ.

ಕವಿಗಳ ಆತ್ಮಪ್ರಶಂಸೆ ಕನ್ನಡಕ್ಕೆ ಹೊಸತಲ್ಲ. ರನ್ನನು ತನ್ನ ಕಾವ್ಯದ ಹಿರಿಮೆಯನ್ನು ತಾನೇ ಸಾರಿಕೊಂಡ ಪರಿಯನ್ನು ಸಾಹಿತ್ಯ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಆದರೆ ಆ ಬಿರುನುಡಿ ಕಾವ್ಯದೊಳಗೇ ಇದ್ದು, ಕಾವ್ಯದ ಗುಣವೇ ಅದಕ್ಕೆ ಜಾಮೀನಾಗಿ ನಿಂತಿದೆ. ಕಾವ್ಯದ ಹೊರಗೆ, ಸಭೆಯಲ್ಲಿ, ಮನ್ನಣೆಯನ್ನು ಅರಸಿ ಹೊರಟಾಗ ಏನಾಗುತ್ತದೆಂಬುದಕ್ಕೆ ಹಂಪೆಯ ರಾಘವಾಂಕನ ಐತಿಹ್ಯವೇ ಇದೆ. ಚಿಕ್ಕನಂಜೇಶನ ‘ರಾಘವಾಂಕ ಚರಿತೆ’ಯ ಮೂಲಕ ಪರಂಪರೆಯಲ್ಲಿ ಉಳಿದುಬಂದಿರುವ ಆ ಕಥೆಯಂತೆ, ‘ಹರಿಶ್ಚಂದ್ರಕಾವ್ಯ’ವನ್ನು ರಚಿಸಿ ರಾಜಾಸ್ಥಾನದಲ್ಲಿ ಮೆಚ್ಚುಗೆ ಪಡೆದು ಬಂದ ರಾಘವಾಂಕನ ಮೇಲೆ ಸೋದರಮಾವನೂ ಗುರುವೂ ಆದ ಹರಿಹರನು ಕುಪಿತನಾದನು, ಗುರುವಿನ ಪೆಟ್ಟಿಗೆ ಹಲ್ಲುಗಳು ಉದುರಿದುವು, ಶಿವಪರವಾದ ಕೃತಿಗಳನ್ನು ರಚಿಸಿದ ಮೇಲೆ ಅವು ಮರಳಿ ಬಂದುವು. ಹರಿಹರನ ಕೋಪಕ್ಕೆ ನರಸ್ತುತಿಯೇ ಕಾರಣವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಹೊಯ್ಸಳರ ಕರಣಿಕವೃತ್ತಿಯನ್ನು ತೊರೆದು ವಿರೂಪಾಕ್ಷನ ಸನ್ನಿಧಿಗೆ ಬಂದವನೆಂದು ಪ್ರತೀತಿಯಿರುವ ಕವಿಗೆ ಆ ಕೋಪ ಸಹಜವೇ. ಆದರೆ ಕಥೆಯಲ್ಲಿ ಇನ್ನೊಂದು ಎಳೆಯೂ ಇದೆ. ಹೊಸ ಕಾವ್ಯವು ಮೊದಲು ಹೋದದ್ದು ಆಸ್ಥಾನಕ್ಕೆ, ಅನಂತರ ಬಂದದ್ದು ಗುರುವಿನ ಬಳಿಗೆ. ತಪ್ಪನ್ನು ತಪ್ಪೆನ್ನಬಲ್ಲ ಕಿವಿಗೆ ಮುನ್ನ ಹೊಗಳುವ ಕಿವಿಗೆ ಕೃತಿಯನ್ನು ಒಪ್ಪಿಸಿದ್ದು ಆ ತರುಣಕವಿಯ ಆತುರ. ಹಾಗೆಂದು ಗುರುವಿನ ಪೆಟ್ಟೇ ವಿಮರ್ಶೆಯ ಕೊನೆಯ ಮಾತೂ ಆಗಲಿಲ್ಲವೆನ್ನಿ. ರಾಘವಾಂಕನ ಕೃತಿಗಳಲ್ಲಿ ಕನ್ನಡಿಗರು ಇಂದಿಗೂ ಎದೆಗೆತ್ತಿಕೊಂಡಿರುವುದು ಆ ‘ಹರಿಶ್ಚಂದ್ರಕಾವ್ಯ’ವನ್ನೇ.

ಕಾದಂಬರಿಯ ಸ್ಥಿತಿ ಬೇರೆ. ಅದಕ್ಕೆ ಆಸ್ಥಾನವಿಲ್ಲ, ಗಮಕಿಯಿಲ್ಲ, ಗುರುವಿನ ಮುದ್ರೆಯೂ ಇಲ್ಲ. ಅದು ಅಚ್ಚುಕೂಟದ ಕೂಸು. ಕೊಂಡು ಓದುವವರಿಲ್ಲದೆ ಅದು ಬದುಕದು. ಆದ್ದರಿಂದ ಕಾದಂಬರಿಕಾರನು ತನ್ನ ಕೃತಿಯನ್ನು ಜನರಿಗೆ ಮುಟ್ಟಿಸಲು ಯತ್ನಿಸುವುದನ್ನೇ ದೋಷವೆನ್ನಲಾಗದು. ಮುಟ್ಟಿಸುವ ಬಗೆ ಯಾವುದು, ಮುಟ್ಟಿಸುವಾಗ ಹೊಗಳಿಸಿಕೊಳ್ಳುವುದು ಕೃತಿಯೋ ಕರ್ತೃವೋ ಎಂಬುದಷ್ಟೇ ಪ್ರಶ್ನೆ. ಇದಕ್ಕೆ ಕನ್ನಡದಲ್ಲಿ ದೊರೆಯುವ ಅತ್ಯುತ್ತಮ ನಿದರ್ಶನವೆಂದರೆ ಗಳಗನಾಥರು.

ಗಳಗನಾಥರೆಂದು ಪ್ರಸಿದ್ಧರಾದ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ಹಾವೇರಿ ಸೀಮೆಯ ಗಳಗನಾಥ ಗ್ರಾಮದವರು. ಶಾಲಾಶಿಕ್ಷಕರಾಗಿದ್ದು, ಆ ವೃತ್ತಿಯನ್ನು ಬಿಟ್ಟು ಬರವಣಿಗೆಯನ್ನೇ ಬಾಳಿನ ಉದ್ಯೋಗವನ್ನಾಗಿ ಮಾಡಿಕೊಂಡರು. ‘ಪ್ರಬುದ್ಧ ಪದ್ಮನಯನೆ’ ಪ್ರಕಟವಾದುದು 1898ರಲ್ಲಿ. 1907ರಿಂದ ಅಗಡಿಯ ಆನಂದವನದಿಂದ ಹೊರಟ ‘ಸದ್ಬೋಧ ಚಂದ್ರಿಕೆ’ಯ ಸಂಪಾದಕರಾಗಿ ಅವರು ತಮ್ಮ ಕಾದಂಬರಿಗಳನ್ನು ಅದರಲ್ಲಿ ಧಾರಾವಾಹಿಯಾಗಿ ಪ್ರಕಟಿಸಿದರು. ಅಚ್ಚಾದ ಪುಸ್ತಕಗಳನ್ನು ತಾವೇ ಹೊತ್ತುಕೊಂಡು ಊರೂರು ತಿರುಗಿ, ಮನೆಮನೆಯ ಬಾಗಿಲಲ್ಲಿ ನಿಂತು ಮಾರಿದರೆಂಬುದು ಉತ್ತರ ಕರ್ನಾಟಕದಲ್ಲಿ ಮನೆಮಾತಾಗಿದೆ.

ಈ ಹೊರೆಯ ಅರ್ಥ ತಿಳಿಯಬೇಕಾದರೆ ಅಂದಿನ ಆ ಭಾಗದ ಸ್ಥಿತಿಯನ್ನು ನೆನೆಯಬೇಕು. ಮುಂಬಯಿ ಆಧಿಪತ್ಯಕ್ಕೆ ಸೇರಿದ ಕನ್ನಡ ಜಿಲ್ಲೆಗಳಲ್ಲಿ ಶಾಲೆ, ಕಚೇರಿ, ಸಭ್ಯರ ಸಂಭಾಷಣೆ ಎಲ್ಲವೂ ಮರಾಠಿಮಯವಾಗಿದ್ದ ಕಾಲವದು. ಡೆಪ್ಯುಟಿ ಚನ್ನಬಸಪ್ಪನವರು (1833–1881) ಕನ್ನಡ ಶಾಲೆಗಳಿಗಾಗಿ ಹೆಣಗಿ, ಅಕ್ಷರ ಬಲ್ಲ ಒಂದು ಪೀಳಿಗೆಗೆ ದಾರಿ ಮಾಡಿಟ್ಟು ಹೋದರು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಸ್ಥಾಪಿತವಾಯಿತು. ಆದರೆ ಅಕ್ಷರ ಬಲ್ಲವರೆಲ್ಲರೂ ಓದುಗರಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಮನೆಮಂದಿ ಕೂಡಿ ಓದಿಸಿ ಕೇಳುವಂಥ ಗದ್ಯ ಕನ್ನಡದಲ್ಲೂ ಉಂಟೆಂಬ ನಂಬಿಕೆಯನ್ನು ಯಾರಾದರೂ ಹುಟ್ಟಿಸಬೇಕಾಗಿತ್ತು. ಹರಿನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳಿಗೆ ಮನಸೋತಿದ್ದ ಕನ್ನಡಿಗನ ಕೈಗೆ, ಆಪಟೆಯವರ ‘ವಜ್ರಾಘಾತ’ವನ್ನೇ ಅನುಸರಿಸಿದ ‘ಕನ್ನಡಿಗರ ಕರ್ಮಕಥೆ’ಯನ್ನು ಗಳಗನಾಥರು ಕೊಟ್ಟರು. ವಿಜಯನಗರದ ಪತನದ ದುಃಖವನ್ನು ಕನ್ನಡಿಗನು ಪರಭಾಷೆಯಲ್ಲಿ ಓದಿ ಕಣ್ಣೀರಿಡುತ್ತಿದ್ದ ವಿಪರ್ಯಾಸಕ್ಕೆ ಅದು ಉತ್ತರವಾಯಿತು. ಅಂಥ ಪುಸ್ತಕವನ್ನು ಹೊತ್ತು ಬಾಗಿಲಿಗೆ ಬಂದವನು ಕೇಳುತ್ತಿದ್ದುದು ತನ್ನ ಹೆಸರಿಗೆ ಜಯಕಾರವನ್ನಲ್ಲ, ಕನ್ನಡ ಪುಸ್ತಕಕ್ಕೆ ಮನೆಯೊಳಗೆ ಒಂದಿಷ್ಟು ಎಡೆಯನ್ನು.

ಗಳಗನಾಥರು ಶರಣಮಾರ್ಗದವರಲ್ಲ, ಅವರನ್ನು ಬಲವಂತದಿಂದ ಈ ಮಾರ್ಗದೊಳಕ್ಕೆ ಎಳೆದುಕೊಳ್ಳುವುದು ಪ್ರಾಮಾಣಿಕವಾಗದು. ಆದರೂ ಅವರ ಈ ನಡೆಗೆ ಕಾಯಕವೆಂಬುದಕ್ಕಿಂತ ಹೊಂದುವ ಹೆಸರು ಬೇರೊಂದಿಲ್ಲ. ಕಾಯಕವು ಮೂಲ್ಯವನ್ನು ನಿರಾಕರಿಸುವುದಿಲ್ಲ. ಮಾದಾರ ಚೆನ್ನಯ್ಯ, ನುಲಿಯ ಚಂದಯ್ಯ ಮೊದಲಾದವರು ದುಡಿದುದಕ್ಕೆ ಸಲ್ಲುವುದನ್ನು ಪಡೆದೇ ದಾಸೋಹ ನಡೆಸಿದರು. ಕಾಯಕ ಒಲ್ಲದಿರುವುದು ಸಲ್ಲುವುದಕ್ಕಿಂತ ಹೆಚ್ಚಿನದನ್ನು. ಮುಖ್ಯವಾಗಿ, ಮಾಡಿದೆನೆಂಬ ಅಭಿಮಾನವನ್ನು. ತಲೆಯ ಮೇಲಿನ ಹೊರೆಗೆ ಬೆಲೆಯಿತ್ತು. ಹೊತ್ತವನ ದೊಡ್ಡತನಕ್ಕೆ ಬೆಲೆ ಕಟ್ಟಿರಲಿಲ್ಲ.

ಇಲ್ಲಿಯವರೆಗೆ ಹೇಳಿದುದು ಜೀವನವೃತ್ತಾಂತದ ಮಾತು. ವಿಮರ್ಶಕನಿಗೆ ಮುಖ್ಯವಾಗಬೇಕಾದುದು ಬೇರೆ. ಬಾಗಿಲಲ್ಲಿ ನಿಂತು ಮಾರಿದುದರ ಗುರುತು ಗಳಗನಾಥರ ಗದ್ಯದ ಮೈಮೇಲೆಯೇ ಇದೆ. ಅವರ ಕಾದಂಬರಿಗಳಲ್ಲಿ ನಿರೂಪಕನು ಆಗಾಗ ಕಥೆಯನ್ನು ನಿಲ್ಲಿಸಿ ವಾಚಕರನ್ನು ಸಂಬೋಧಿಸುತ್ತಾನೆ, ಸಂಶಯಗಳಿಗೆ ಸಮಾಧಾನ ಹೇಳುತ್ತಾನೆ, ಪಾತ್ರದ ನಡತೆಯಿಂದ ಕಲಿಯಬೇಕಾದುದನ್ನು ಬಿಡಿಸಿ ತೋರುತ್ತಾನೆ. ಪ್ರಕರಣದ ಕೊನೆಗೆ ಕುತೂಹಲದ ಗಂಟೊಂದನ್ನು ಉಳಿಸಿ ಮುಂದಿನ ಪ್ರಕರಣಕ್ಕೆ ಎಳೆದೊಯ್ಯುತ್ತಾನೆ. ನವೋದಯದ ಅನಂತರ ಬಂದ ವಿಮರ್ಶೆ ಇವನ್ನೆಲ್ಲ ಕಲೆಯ ದೋಷಗಳೆಂದು ಎಣಿಸಿತು. ದೋಷಗಳು ಹೌದು. ‘ಮಾಧವ ಕರುಣಾವಿಲಾಸ’ದಂಥ (1923) ಸ್ವತಂತ್ರವೂ ಬೃಹತ್ತೂ ಆದ ಕೃತಿಯಲ್ಲಿ, ವಿದ್ಯಾರಣ್ಯರೂ ವಿಜಯನಗರದ ಸ್ಥಾಪನೆಯೂ ವಸ್ತುವಾಗಿರುವಲ್ಲಿ, ಉಪದೇಶದ ಭಾರಕ್ಕೆ ಕಥೆ ಅಲ್ಲಲ್ಲಿ ಕುಸಿಯುವುದನ್ನು ಯಾವ ಅಭಿಮಾನಿಯೂ ಅಲ್ಲಗಳೆಯಲಾರ. ಆದರೆ ಈ ದೋಷಗಳ ಮೂಲವನ್ನು ಅರಿಯದೆ ತೀರ್ಪು ಕೊಡುವುದು ಅನ್ಯಾಯ. ಅವು ಓದುಗನನ್ನು ಕಣ್ಣಾರೆ ಕಂಡ ಲೇಖಕನ ದೋಷಗಳು. ಪುಸ್ತಕವನ್ನು ತಿರುವಿಹಾಕಿ ‘ಇದರಲ್ಲೇನಿದೆ?’ ಎಂದು ಕೇಳುವ ಗೃಹಸ್ಥನಿಗೆ ಉತ್ತರ ಹೇಳಬೇಕಾದವನು ಆ ಉತ್ತರದ ಅಭ್ಯಾಸವನ್ನು ಬರವಣಿಗೆಗೂ ಒಯ್ಯುತ್ತಾನೆ. ಸಂಸ್ಕೃತಭೂಯಿಷ್ಠವಾದ ಶೈಲಿಯ ನಡುವೆ ಹಾವೇರಿ-ಧಾರವಾಡ ಸೀಮೆಯ ಮಾತಿನ ಲಯ ಕೇಳಿಬರುವುದೂ ಇದರಿಂದಲೇ. ಒಂದು ಸಮಾಜಕ್ಕೆ ಓದುವ ರೂಢಿಯೇ ಇಲ್ಲದಾಗ ಲೇಖಕನು ಕಥೆ ಹೇಳುವುದರ ಜೊತೆಗೆ ಕಥೆ ಓದುವುದನ್ನೂ ಕಲಿಸಬೇಕಾಗುತ್ತದೆ. ಗಳಗನಾಥರ ನಿರೂಪಕ ಮಾಡುತ್ತಿರುವುದು ಈ ಎರಡನೆಯ ಕೆಲಸ.

ಇದೇ ಸೀಮೆಯಲ್ಲಿ, ಇದೇ ಕಾಲದಲ್ಲಿ, ಕಾದಂಬರಿಯ ಹೊರಗೆ ನಡೆದ ಇನ್ನೊಂದು ಹೊರೆಯ ಕಥೆ ಈ ಪತ್ರಿಕೆಯ ಓದುಗರಿಗೆ ಚಿರಪರಿಚಿತ. 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದ ಫ. ಗು. ಹಳಕಟ್ಟಿಯವರು ವಚನಗಳ ಪ್ರಕಟಣೆಗಾಗಿ ಮನೆಯನ್ನೇ ಮಾರಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ ‘ಶಿವಾನುಭವ’ವನ್ನು ಆರಂಭಿಸಿದರು. ಅವರು ಹೊತ್ತದ್ದು ಪರರ ನುಡಿಯನ್ನು, ಗಳಗನಾಥರು ಹೊತ್ತದ್ದು ತಮ್ಮ ನುಡಿಯನ್ನು. ಎರಡನೆಯದರಲ್ಲಿ ಅಹಂಕಾರಕ್ಕೆ ಅವಕಾಶ ಹೆಚ್ಚು. ಆದ್ದರಿಂದಲೇ ಅದರಿಂದ ಪಾರಾದುದೂ ಹೆಚ್ಚಿನ ಸಾಧನೆ.

ಇಂದಿನ ಗ್ರಂಥಬಿಡುಗಡೆಯ ಸಮಾರಂಭದಲ್ಲಿ ಬದಲಾಗಿರುವುದೇನು? ಸಂಭ್ರಮವೇ ಅಪರಾಧವಲ್ಲ. ಹಲವು ವರ್ಷಗಳ ಏಕಾಂತದ ದುಡಿಮೆ ಒಂದು ದಿನ ಬಣ್ಣದ ಕಾಗದದಿಂದ ಹೊರಬಂದು ಕೈಗೆ ಸಿಕ್ಕಾಗ ಲೇಖಕನು ಹಿಗ್ಗುವುದು ಮಾನವಸಹಜ, ಹಿಗ್ಗದವನೇ ಅಪರೂಪ. ಆಕ್ಷೇಪವಿರುವುದು ವಿಮರ್ಶೆಯನ್ನು ಆ ಸಂಭ್ರಮದ ಒಂದು ಅಂಗವನ್ನಾಗಿ ಮಾಡಿಕೊಂಡಿರುವ ಪದ್ಧತಿಗೆ. ಗ್ರಂಥಪರಿಚಯ ಮಾಡುವ ವಿದ್ವಾಂಸರು ಅದೇ ವೇದಿಕೆಯ ಮೇಲೆ, ಅದೇ ಹಾರ ಧರಿಸಿ, ಲೇಖಕನ ಪಕ್ಕದಲ್ಲಿ ಕುಳಿತಿರುತ್ತಾರೆ. ಪುಸ್ತಕ ಎರಡು ದಿನ ಮುಂಚೆ ಕೈಸೇರಿರುತ್ತದೆ. ಅವರು ಆಡುವ ಮಾತು ಮರುದಿನದ ಪತ್ರಿಕೆಯಲ್ಲಿ ಅಭಿಪ್ರಾಯವಾಗಿ, ಎರಡನೆಯ ಮುದ್ರಣದಲ್ಲಿ ಹಿಂಬದಿಯ ರಕ್ಷಾಪುಟವಾಗಿ ಪರಿಣಮಿಸುತ್ತದೆ. ಓದುಗನು ಬಾಯಿ ತೆರೆಯುವ ಮುನ್ನವೇ ಕೃತಿಯ ಮೇಲಿನ ತೀರ್ಪು ಸಿದ್ಧವಾಗಿರುತ್ತದೆ. ರಾಘವಾಂಕನಿಗಾದರೋ ಆಸ್ಥಾನದಿಂದ ಮರಳಿದ ಮೇಲೆ ಎದುರಿಗೊಬ್ಬ ಹರಿಹರನಿದ್ದ. ಇಂದು ಹರಿಹರನ ಪೀಠದಲ್ಲಿರಬೇಕಾದವರನ್ನೂ ಆಸ್ಥಾನದಲ್ಲೇ ಕೂರಿಸಲಾಗಿದೆ. ಬಿಡುಗಡೆಯ ಸಾನ್ನಿಧ್ಯಕ್ಕೆ ಮಠಗಳನ್ನೂ ಪೂಜ್ಯರನ್ನೂ ಆಶ್ರಯಿಸುವ ವಾಡಿಕೆ ಹೆಚ್ಚಿರುವುದರಿಂದ ಇದನ್ನು ಮಠದ ಪತ್ರಿಕೆಯೊಂದು ಹೇಳದೆ ಬಿಡುವುದು ತರವಲ್ಲ. ಗುರುವಿನ ಆಶೀರ್ವಾದ ಬರೆದವನಿಗೆ ಸಲ್ಲುತ್ತದೆ. ಅದನ್ನು ಬರೆದುದಕ್ಕೆ ಕೊಟ್ಟ ಪ್ರಮಾಣಪತ್ರವೆಂದು ಅಚ್ಚು ಹಾಕಿಸುವುದು ಗುರುವಿಗೂ ಕೃತಿಗೂ ನ್ಯಾಯವಲ್ಲ.

ಪ್ರಚಾರದ ಸಾಧನಗಳು ಇಂದು ಅಪಾರ. ಕುಳಿತಲ್ಲಿಂದಲೇ ಸಾವಿರಾರು ಜನರಿಗೆ ತನ್ನ ಪುಸ್ತಕದ ಸುದ್ದಿಯನ್ನು ಕಾದಂಬರಿಕಾರನು ಮುಟ್ಟಿಸಬಲ್ಲ. ಆದರೆ ಆ ಸುದ್ದಿಯಲ್ಲಿ ಬಹುಪಾಲು ಇರುವುದು ಬಂದ ಪ್ರಶಂಸೆಗಳ ಪಟ್ಟಿ, ಮುಗಿದ ಪ್ರತಿಗಳ ಲೆಕ್ಕ. ಪುಸ್ತಕದೊಳಗೆ ಏನಿದೆಯೆಂಬ ಗೃಹಸ್ಥನ ಪ್ರಶ್ನೆಗೆ ಅದರಲ್ಲಿ ಉತ್ತರ ಸಿಗುವುದು ವಿರಳ. ಗಳಗನಾಥರು ಕೇಳಿಸಿಕೊಂಡಿರಬಹುದಾದ ಒರಟು ಉತ್ತರಗಳು, ಕದ ಮುಚ್ಚಿದ ಸದ್ದು, ಓದಿ ಮರುವರ್ಷ ‘ಮುಂದಿನ ಭಾಗ ಬಂತೇ?’ ಎಂದು ವಿಚಾರಿಸಿದ ಧ್ವನಿ, ಇವೆಲ್ಲ ಲೇಖಕನಿಗೆ ಮರಳಿ ಬರುವ ಪ್ರಸಾದವೇ. ಅದರಲ್ಲಿ ಕಹಿಯಿರಬಾರದೆಂಬ ನಿಯಮವಿಲ್ಲ.

ಗಳಗನಾಥರ ಕಾದಂಬರಿಗಳನ್ನು ಇಂದು ಓದುವವರು ಹೆಚ್ಚಾಗಿ ಸಾಹಿತ್ಯಚರಿತ್ರೆಯ ವಿದ್ಯಾರ್ಥಿಗಳು. ಅವರು ಬಾಗಿಲಿಗೆ ಹೋಗಿ ರೂಢಿಸಿದ ಓದುಗರೂ ಆ ಓದುಗರ ಮಕ್ಕಳೂ ಶಿವರಾಮ ಕಾರಂತ, ಅ. ನ. ಕೃಷ್ಣರಾಯ, ಬಸವರಾಜ ಕಟ್ಟೀಮನಿಯವರ ಕಾದಂಬರಿಗಳಿಗೆ ಸಾಗಿದರು. ಆ ಓದುಗರಲ್ಲಿ ಎಷ್ಟೋ ಮಂದಿಗೆ ಮೊದಲ ಕನ್ನಡ ಕಾದಂಬರಿ ಮನೆಯ ಮಾಡದಲ್ಲಿ ದೊರೆತಿತ್ತು. ಅದನ್ನು ತಂದುಕೊಟ್ಟವರು ಯಾರೆಂದು ಅವರು ವಿಚಾರಿಸಿರಲಿಲ್ಲ.